ಸಹಾಯ ಬೇಕು: ಸಿ ಭಾಷೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಗುಂಪಿನ ತುಣುಕು ತೆಗೆಯುವುದು

ಎಲ್ಲರಿಗೂ ನಮಸ್ಕಾರ. ಸೆನ್ಸರ್‌ನಿಂದ ಬರುವ ಸಾಲು ಹೀಗಿದೆ: ಟಿ=31 ಎಚ್=64 ವಿ=12. ಟಿ, ಎಚ್, ವಿ ಒಂದೊಂದೇ ಇಂಗ್ಲಿಷ್ ಅಕ್ಷರ. ಪ್ರತಿ ಅಕ್ಷರ ಮತ್ತು ಅದರ ಅಂಕಿ ನನಗೆ ಬೇರೆ ಬೇರೆಯಾಗಿ ಬೇಕು.

ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಹುಡುಕಬೇಕಾದ ಮಾದರಿ, ಅಂದರೆ ಪ್ಯಾಟರ್ನ್) ಬಳಸಲು ಪಾಸಿಕ್ಸ್‌ನ (ಯುನಿಕ್ಸ್ ಥರದ ಸಿಸ್ಟಂಗಳ ಮಾನಕ) ಎರಡು ಫಂಕ್ಷನ್ ಬಳಸುತ್ತಿದ್ದೇನೆ: ಪ್ಯಾಟರ್ನ್ ಸಿದ್ಧಮಾಡುವ ರೆಗ್‌ಕಾಂಪ್, ಅದನ್ನು ಸಾಲಿನಲ್ಲಿ ಹುಡುಕುವ ರೆಗ್‌ಎಕ್ಸೆಕ್. ಪ್ಯಾಟರ್ನ್‌ನಲ್ಲಿ ಎರಡು ಗುಂಪು (ಆವರಣದಲ್ಲಿ ಹಾಕಿದ ಭಾಗ: ಒಂದು ಅಕ್ಷರಕ್ಕೆ, ಒಂದು ಅಂಕಿಗೆ), ಸಿಕ್ಕ ಜಾಗಗಳನ್ನು ಇಡುವ ಅರೇ ಅಳತೆ 3 (ಸೊನ್ನೆಯನೆಯದು ಪೂರ್ತಿ ಹೊಂದಿಕೆಗೆ). ಮೊದಲು ಎಲ್ಲವನ್ನೂ ಪ್ಲಸ್ (ಮತ್ತೆ ಮತ್ತೆ ಬರಬಹುದು ಎಂಬ ಗುರುತು) ಹಾಕಿ ಒಂದೇ ಸಲ ಹಿಡಿಯಲು ನೋಡಿದೆ. ಗುಂಪಿನಲ್ಲಿ ಕೊನೆಯ 12 ಮಾತ್ರ ಉಳಿಯಿತು. ಹಾಗಾಗಿ ಲೂಪ್ ಬರೆದೆ: ಹೊಂದಿಕೆ ಮುಗಿದ ಜಾಗಕ್ಕೆ ಪಾಯಿಂಟರ್ ಸರಿಸಿ ಮತ್ತೆ ರೆಗ್‌ಎಕ್ಸೆಕ್ ಕರೆಯುತ್ತೇನೆ.

ಮೊದಲ ಸಲ 31 ಸರಿಯಾಗಿ ಬರುತ್ತದೆ. ಎರಡನೇ ಸಲ 64 ಬರಬೇಕಾದ ಕಡೆ 1 ಮತ್ತು ಒಂದು ಸ್ಪೇಸ್! ಮೂರನೇ ಸಲವೂ ಅದೇ. ಪ್ರಿಂಟ್ ಮಾಡಿ ನೋಡಿದರೆ ಎರಡೂ ಸಲ ಅಂಕಿಯ ಗುಂಪಿನ ಶುರು 3, ಕೊನೆ 5. ನಾನು ತುಣುಕನ್ನು ಮೂಲ ಸಾಲಿನಿಂದ ಕಾಪಿ ಮಾಡುತ್ತಿದ್ದೇನೆ. ಈ ಸಂಖ್ಯೆಗಳು ಸರಿಸಿದ ಪಾಯಿಂಟರ್‌ನಿಂದ ಎಣಿಸಿದವು ಅಲ್ವಾ? ಹಾಗಿದ್ದರೆ ಅಲ್ಲಿಂದಲೇ ಕಾಪಿ ಮಾಡಿದರೆ ಸಾಕಾ?

ಇನ್ನೊಂದು: ಕೆಲವು ಸಾಲಿನಲ್ಲಿ ಅಂಕಿಯ ನಂತರ ಯೂನಿಟ್ ಇರುತ್ತದೆ, ಕೆಲವು ಸಾಲಿನಲ್ಲಿ ಇಲ್ಲ. ಯೂನಿಟ್‌ಗೆ ಇನ್ನೊಂದು ಗುಂಪು ಮಾಡಿ ಅದಕ್ಕೆ ಪ್ರಶ್ನೆ ಚಿಹ್ನೆ (ಇದ್ದರೂ ಇಲ್ಲದಿದ್ದರೂ ಸರಿ ಎಂಬ ಗುರುತು) ಹಾಕಿದರೆ, ಯೂನಿಟ್ ಇಲ್ಲದಾಗ ಆ ಗುಂಪಿನ ಶುರು, ಕೊನೆ ಎರಡೂ ಸಂಖ್ಯೆ -1 ಬರುತ್ತವೆ. ಕಾಪಿಗೆ ಮುಂಚೆ ಅದನ್ನು ನೋಡಿಕೊಳ್ಳುವುದೇ ಸರಿಯಾದ ದಾರಿಯಾ? ತಿಳಿದವರು ದಯವಿಟ್ಟು ಹೇಳಿ, ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.