ಕೆಳಗಿನ ರಸ್ತೆಯ ಮ್ಯಾನ್‌ಹೋಲ್: ಮೈಸೂರಿನ ಒಂದು ಬಡಾವಣೆಯ ನಿವಾಸಿಗಳ ಗುಂಪಿನಲ್ಲಿ ನಡೆದ ಚರ್ಚೆ

ಕೆಳಗಿನ ರಸ್ತೆ, ಮೂಲೆಮನೆ (ಬೆಳಿಗ್ಗೆ 5:20)
ಈ ಗುಂಪಿನಲ್ಲಿರುವ ಪ್ರತಿಯೊಬ್ಬರೂ ಈಗಲೇ ಬಂದು ನಮ್ಮ ಮನೆಯ ಹಜಾರವನ್ನು ನೋಡಬೇಕು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಬಚ್ಚಲುಮನೆಯ ಜಾಲರಿಯಿಂದ ಕಪ್ಪು ನೀರು ಗುಳುಗುಳು ಎಂದು ಉಕ್ಕತೊಡಗಿತು. ಗೋಣಿಚೀಲ, ಹಳೆಯ ಬೆಡ್‌ಶೀಟು ಎಲ್ಲವನ್ನೂ ತುರುಕಿದರೂ ನಿಲ್ಲದೆ, ಅಡುಗೆಮನೆಯ ಹೊಸ್ತಿಲು ದಾಟಿ ದೇವರ ಮನೆಯವರೆಗೂ ಬಂದಿತು. ಎಂಬತ್ತು ದಾಟಿದ ನಮ್ಮ ಅತ್ತೆಯವರನ್ನು ಮಂಚದ ಮೇಲೆಯೇ ಕೂರಿಸಿ, ಅಕ್ಕಿಯ ಡಬ್ಬಗಳನ್ನು ಊಟದ ಮೇಜಿನ ಮೇಲಕ್ಕೇರಿಸಿ, ನಾನೂ ನಮ್ಮ ಯಜಮಾನರೂ ಬೆಳಗಾಗುವವರೆಗೆ ಮಗ್ಗಿನಲ್ಲಿ ಕೊಳಚೆಯನ್ನು ಮೊಗೆದು ಬಕೆಟ್ಟಿಗೆ ತುಂಬಿದ್ದೇವೆ. ಮುಂದಿನ ಮ್ಯಾನ್‌ಹೋಲಿನ ಮುಚ್ಚಳ ಪಕ್ಕಕ್ಕೆ ಸರಿದು ಬಿದ್ದಿದೆ. ಜೋರು ಮಳೆ ಬಂದಾಗಲೆಲ್ಲ ನಮಗೆ ಇದೇ ಗತಿ, ನಿಮ್ಮೆಲ್ಲರಿಗೂ ಇದು ಗೊತ್ತು. ಕಳೆದ ಸಲ ಗಣಪತಿ ಪೆಂಡಾಲಿನಲ್ಲಿ ಕುಳಿತು "ಮಾಡೋಣ ಮೇಡಂ" ಎಂದವರು ಏನು ಮಾಡಿದಿರೆಂದು ಇವತ್ತು ಹೇಳಲೇಬೇಕು.

ಪಾರ್ಕ್ ಎದುರಿನ ಮನೆ (5:48)
ಓದಿ ಬಹಳ ಸಂಕಟವಾಯಿತು ಅಕ್ಕ. ಅಜ್ಜಿಯವರನ್ನು ನಮ್ಮ ಮನೆಗೆ ಕರೆದುಕೊಂಡು ಬನ್ನಿ, ಕೆಳಗಿನ ಕೋಣೆ ಖಾಲಿಯಿದೆ. ತಿಂಡಿಯನ್ನೂ ಇಲ್ಲಿಂದಲೇ ಕಳುಹಿಸುತ್ತೇನೆ. ತೆರೆದ ಮ್ಯಾನ್‌ಹೋಲಿನ ಸುತ್ತ ಯಾರಾದರೂ ಎರಡು ಬ್ಯಾರಿಕೇಡ್ ಅಥವಾ ಕುರ್ಚಿಗಳನ್ನಾದರೂ ಇಡಬೇಕು. ನೀರು ನಿಂತಿರುವುದರಿಂದ ಗುಂಡಿ ಕಾಣುವುದಿಲ್ಲ, ಎಂಟು ಗಂಟೆಗೆ ಶಾಲೆಯ ಮಕ್ಕಳು ಅದೇ ದಾರಿಯಲ್ಲಿ ಹೋಗುತ್ತಾರೆ.

ಮೇಲಿನ ರಸ್ತೆ, ನಿವೃತ್ತ ಅಧಿಕಾರಿ (6:05)
ಇದಕ್ಕೆ ಕಾರಣವೇನೆಂಬುದು ಎಲ್ಲರಿಗೂ ಗೊತ್ತಿದೆ, ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಸಿಐಟಿಬಿಯ (ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನ) ಕಾಲದಲ್ಲಿ ಒಂದು ನಿವೇಶನಕ್ಕೆ ಒಂದು ಮನೆಯೆಂದು ಅಂದಾಜು ಮಾಡಿ ಹಾಕಿದ ಕೊಳವೆಗೆ, ಎರಡು ನಿವೇಶನಗಳನ್ನು ಸೇರಿಸಿ ಕಟ್ಟಿದ ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳ ಕೊಳಚೆಯನ್ನು ತಂದು ಜೋಡಿಸಿದ್ದಾರೆ. ತಳಪಾಯ ತೋಡುವಾಗಲೇ ನಾನು ಲಿಖಿತವಾಗಿ ಆಕ್ಷೇಪಿಸಿದ್ದೆ. ಆಗ ಸಹಿ ಹಾಕಲು ಬಂದವರು ಎಷ್ಟು ಜನ?

ಅಪಾರ್ಟ್‌ಮೆಂಟ್, ಎರಡನೇ ಮಹಡಿ (6:31)
ಸರ್, ನಾವೂ ಈ ಬಡಾವಣೆಯವರೇ, ಕಂದಾಯ ಕಟ್ಟುವವರೇ. ರಾತ್ರಿ ನಮ್ಮ ತಳಮಹಡಿಯಲ್ಲೂ ಸ್ಕೂಟರುಗಳ ಸೀಟಿನವರೆಗೆ ನೀರು ನಿಂತಿತ್ತು. ಒಂದು ಮನೆಗೆಂದು ಮಂಜೂರಾದ ನಿವೇಶನಗಳಲ್ಲಿ ಮೂರು ಅಂತಸ್ತು ಏರಿಸಿ ಪಿಜಿ ನಡೆಸುತ್ತಿರುವ ಕಟ್ಟಡಗಳು ಮೇಲಿನ ರಸ್ತೆಯಲ್ಲಿಯೇ ಇವೆ. ಅವುಗಳ ಬಗ್ಗೆ ತಾವು ಒಂದು ಮಾತನ್ನೂ ಆಡಿಲ್ಲ.

ಮೇಲಿನ ರಸ್ತೆ, ನಿವೃತ್ತ ಅಧಿಕಾರಿ (6:34)
ಪಿಜಿಯ ವಿಷಯ ತೆಗೆದು ದಾರಿ ತಪ್ಪಿಸಬೇಡಿ. ನಿಮ್ಮ ನಕ್ಷೆ ಮಂಜೂರಾತಿಯ ಪ್ರತಿಯನ್ನು ಇವತ್ತೇ ಗುಂಪಿನಲ್ಲಿ ಹಾಕಿ.

ಮೇಲಿನ ರಸ್ತೆ, ನಿವೃತ್ತ ಅಧಿಕಾರಿ (6:41)
ಹತ್ತು ನಿಮಿಷದೊಳಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ನಾನೇ ಅರ್ಜಿ ಹಾಕುತ್ತೇನೆ.

ಎರಡನೇ ಅಡ್ಡರಸ್ತೆ, ನಿವೃತ್ತ ಇಂಜಿನಿಯರ್ (7:10)
ದಯವಿಟ್ಟು ಎಲ್ಲರೂ ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ನಾನು ಈಗಷ್ಟೇ ಮೂಲೆಮನೆಗೆ ಹೋಗಿ ಬಂದೆ. ಒಳಚರಂಡಿಯ ಕೊಳವೆ ಇರುವುದು ಕೊಳಚೆಗೆ ಮಾತ್ರ. ಮಳೆನೀರಿಗೆ ರಸ್ತೆಬದಿಯ ಚರಂಡಿ ಪ್ರತ್ಯೇಕವಾಗಿದೆ. ನಮ್ಮ ಊರಿನ ಕೊಳಚೆ ಬಹುಮಟ್ಟಿಗೆ ನೆಲದ ಇಳಿಜಾರನ್ನೇ ಅನುಸರಿಸಿ ಕೇಸರೆ, ರಾಯನಕೆರೆ ಮತ್ತು ವಿದ್ಯಾರಣ್ಯಪುರದ ಶುದ್ಧೀಕರಣ ಘಟಕಗಳತ್ತ ಹರಿಯುತ್ತದೆ. ಈ ಕೊಳವೆಗಳ ಅಳತೆಯನ್ನು ನಿರ್ಧರಿಸುವಾಗ ಒಬ್ಬರು ದಿನಕ್ಕೆ 135 ಲೀಟರ್ ನೀರು ಬಳಸುತ್ತಾರೆ, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳುವುದು ವಾಡಿಕೆ. ಹಾಗಾದರೆ ನಾಲ್ಕು ಜನರ ಒಂದು ಮನೆಯಿಂದ ದಿನಕ್ಕೆ ಬರುವುದು ಸುಮಾರು 430 ಲೀಟರ್.

ಈಗ ತಾರಸಿಯ ಲೆಕ್ಕ ನೋಡಿ. ಮೂವತ್ತು ನಲವತ್ತರ ನಿವೇಶನದಲ್ಲಿ 80 ಚದರ ಮೀಟರ್ ತಾರಸಿ ಇದ್ದು 50 ಮಿಲಿಮೀಟರ್ ಮಳೆ ಸುರಿದರೆ, ಆ ಒಂದೇ ತಾರಸಿಯಿಂದ 4,000 ಲೀಟರ್ ನೀರು ಇಳಿಯುತ್ತದೆ. ತಾರಸಿಯ ಕೊಳವೆಯನ್ನು ಒಳಚರಂಡಿಯ ಚೇಂಬರಿಗೆ ಜೋಡಿಸಿರುವ ಮನೆಯವರು ಒಂಬತ್ತು ದಿನಗಳ ಕೊಳಚೆಯಷ್ಟು ನೀರನ್ನು ಒಂದು ಮಳೆಯಲ್ಲಿ ಆ ಕೊಳವೆಗೆ ಬಿಟ್ಟಂತೆ ಆಯಿತು. ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ ಅದರ ನೀರನ್ನೂ ಅಲ್ಲಿಗೇ ಬಿಟ್ಟಿದ್ದರೆ ಇನ್ನೂ ಹೆಚ್ಚು. ಮೇಲಿನ ರಸ್ತೆಗಳ ನೀರೆಲ್ಲ ಒಟ್ಟಾಗಿ ಬಂದು, ಮುಂದೆ ಹೋಗಲಾರದೆ, ಅತ್ಯಂತ ತಗ್ಗಿನಲ್ಲಿರುವ ಬಾಯಿಯನ್ನು ಹುಡುಕಿಕೊಂಡು ಏಳುತ್ತದೆ. ಆ ಬಾಯಿ ಈ ತಾಯಿಯವರ ಬಚ್ಚಲುಮನೆ. ಮಳೆಯಿಲ್ಲದ ದಿನಗಳಲ್ಲಿ ಅಪಾರ್ಟ್‌ಮೆಂಟಿನಲ್ಲಿ ಅಷ್ಟೇ ಜನ ಇದ್ದರೂ ಒಂದು ಹನಿಯೂ ಉಕ್ಕುವುದಿಲ್ಲ ಎಂಬುದನ್ನು ಗಮನಿಸಿ.

ನಮ್ಮಲ್ಲಿ ಎಷ್ಟು ಮನೆಗಳ ತಾರಸಿ ನೀರು ಒಳಚರಂಡಿಗೆ ಹೋಗುತ್ತಿದೆಯೆಂದು ಮೊದಲು ನಾವೇ ಪರೀಕ್ಷಿಸೋಣ. ತಾರಸಿಯ ಕೊಳವೆಗೆ ಒಂದು ಬಕೆಟ್ ಬಟ್ಟೆನೀಲಿಯ ನೀರನ್ನು ಸುರಿದು, ಕಾಂಪೌಂಡಿನ ಒಳಗಿನ ಚೇಂಬರಿನ ಮುಚ್ಚಳ ತೆಗೆದು ನೋಡಿದರೆ ಸಾಕು. ನೀಲಿ ನೀರು ಅಲ್ಲಿ ಕಾಣಿಸಿಕೊಂಡರೆ ಆ ಜೋಡಣೆಯನ್ನು ಕತ್ತರಿಸಿ ರಸ್ತೆಬದಿಯ ಚರಂಡಿಗೋ ಇಂಗುಗುಂಡಿಗೋ ತಿರುಗಿಸಬೇಕು. ಭಾನುವಾರ ಮೇಲಿನ ರಸ್ತೆಯಿಂದಲೇ ಆರಂಭಿಸೋಣ ಎಂಬುದು ನನ್ನ ಸಲಹೆ. ಇದನ್ನು ಮಾಡದೆ ಕೊಳವೆ ದೊಡ್ಡದು ಮಾಡಿಕೊಡಿ ಎಂದು ಅರ್ಜಿ ಬರೆದರೆ, ದೊಡ್ಡ ಕೊಳವೆಯೂ ಮುಂದಿನ ಮಳೆಗೆ ತುಂಬುತ್ತದೆ.

ನಾಲ್ಕನೇ ಅಡ್ಡರಸ್ತೆ, ಅಂಗಡಿಯವರು (7:16)
ಬಂದ ಸಂದೇಶ: "ಮೈಸೂರಿಗರೇ ಹೆಮ್ಮೆಪಡಿ! ನಮ್ಮ ಮೈಸೂರು ಮತ್ತೆ ದೇಶದ ನಂಬರ್ ಒನ್ ಸ್ವಚ್ಛ ನಗರ! ಹತ್ತು ಜನರಿಗೆ ಕಳುಹಿಸಿ."

ಮೂರನೇ ಅಡ್ಡರಸ್ತೆ, ಮೇಷ್ಟ್ರು (7:30)
ಇದು ಹಳೆಯ ಸುದ್ದಿ, ಪ್ರತಿ ವರ್ಷವೂ ಸುತ್ತುತ್ತಿರುತ್ತದೆ. ನಮ್ಮ ಊರು ಮೊದಲ ಸ್ಥಾನ ಪಡೆದದ್ದು 2015ರ ಪಟ್ಟಿಯಲ್ಲಿ ಮತ್ತು 73 ನಗರಗಳ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ. ಅದು ನಿಜಕ್ಕೂ ಹೆಮ್ಮೆಯ ವಿಷಯವೇ. ಪ್ಲೇಗಿನ ಹಾವಳಿಯನ್ನು ಕಂಡ ಮೇಲೆ ಗಾಳಿ, ಬೆಳಕು, ಚರಂಡಿಗಳನ್ನು ಯೋಚಿಸಿ ಬಡಾವಣೆಗಳನ್ನು ಕಟ್ಟಬೇಕೆಂದು 1903ರಲ್ಲಿಯೇ ಇಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿದ್ದರು. ಅಂಥ ಊರಿನಲ್ಲಿ ಒಬ್ಬ ವೃದ್ಧೆ ಕೊಳಚೆಯ ನಡುವೆ ಮಂಚದ ಮೇಲೆ ರಾತ್ರಿ ಕಳೆಯುವಂತಾಗಬಾರದು. ಇಂಜಿನಿಯರ್ ಸಾಹೇಬರ ಸಲಹೆಗೆ ನನ್ನ ಸಮ್ಮತಿಯಿದೆ. ನಮ್ಮ ಮನೆಯಲ್ಲಿ ಇವತ್ತು ಸಂಜೆಯೇ ನೀಲಿ ನೀರು ಸುರಿದು ನೋಡುತ್ತೇನೆ.

ನಾಲ್ಕನೇ ಅಡ್ಡರಸ್ತೆ, ಅಂಗಡಿಯವರು (7:38)
ಅಷ್ಟೊಂದು ಪರೀಕ್ಷೆ ಯಾಕೆ ಸಾರ್, ನನಗೆ ಗೊತ್ತಿರುವ ಇಬ್ಬರು ಹುಡುಗರಿದ್ದಾರೆ. ದುಡ್ಡು ಕೊಟ್ಟರೆ ಗುಂಡಿಗೆ ಇಳಿದು ಅರ್ಧ ಗಂಟೆಯಲ್ಲಿ ಕಟ್ಟಿದ್ದನ್ನು ಬಿಡಿಸಿಕೊಡುತ್ತಾರೆ.

ಎರಡನೇ ಅಡ್ಡರಸ್ತೆ, ನಿವೃತ್ತ ಇಂಜಿನಿಯರ್ (7:42)
ಯಾವ ಕಾರಣಕ್ಕೂ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬಾರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದು ಅಪರಾಧ, ಇಳಿಸಿದವರು ಜೈಲಿಗೆ ಹೋಗಬೇಕಾಗಬಹುದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಹಣದಿಂದ ಜೀವ ಮರಳುವುದಿಲ್ಲ. ಒಳಗೆ ಕಟ್ಟಿಕೊಂಡ ವಿಷಾನಿಲ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ. ಎತ್ತಲು ಹೋದವನೂ ಉಳಿಯುವುದಿಲ್ಲ. ಹೂಳು ತೆಗೆಯಲು ನೀರನ್ನು ರಭಸದಿಂದ ಹಾಯಿಸುವ ಜೆಟ್ಟಿಂಗ್ ಯಂತ್ರವಿದೆ, ಅದಕ್ಕಾಗಿ ದೂರು ದಾಖಲಿಸಿ ಸಂಖ್ಯೆ ಪಡೆದಿದ್ದೇನೆ.

ನಾಲ್ಕನೇ ಅಡ್ಡರಸ್ತೆ, ಅಂಗಡಿಯವರು (7:50)
ಸರಿ ಸಾರ್, ಅವರಿಗೆ ಬೇಡವೆಂದು ಹೇಳಿಬಿಡುತ್ತೇನೆ.

ಮೇಲಿನ ರಸ್ತೆ, ನಿವೃತ್ತ ಅಧಿಕಾರಿ (8:02)
ಪರೀಕ್ಷೆ ಮೇಲಿನ ರಸ್ತೆಯಿಂದ ಆರಂಭವಾಗಬೇಕೆಂದರೆ ಏನರ್ಥ? ನಮ್ಮನ್ನು ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸುವುದಕ್ಕೆ ನಾನು ಒಪ್ಪುವುದಿಲ್ಲ. ಮೊದಲು ಅಪಾರ್ಟ್‌ಮೆಂಟಿನಲ್ಲಿ ನೀಲಿ ನೀರು ಸುರಿಯಲಿ. ಅಲ್ಲಿಯವರೆಗೆ ನಮ್ಮ ಕಾಂಪೌಂಡಿನೊಳಗೆ ಯಾರೂ ಬರುವ ಅಗತ್ಯವಿಲ್ಲ.

ಅಪಾರ್ಟ್‌ಮೆಂಟ್, ಎರಡನೇ ಮಹಡಿ (8:09)
ನಮ್ಮ ಅಭ್ಯಂತರವಿಲ್ಲ, ಯಾವಾಗ ಬೇಕಾದರೂ ಬನ್ನಿ. ನಮ್ಮ ತಾರಸಿಯ ನೀರು ಇಂಗುಗುಂಡಿಗೆ ಹೋಗುತ್ತದೆಯೆಂದು ಕಟ್ಟಿದವರು ಹೇಳಿದ್ದರು. ಅದು ಸುಳ್ಳಾಗಿದ್ದರೆ ನಮಗೂ ತಿಳಿಯಲಿ.

ಒಂದನೇ ಅಡ್ಡರಸ್ತೆ, ಬಾಡಿಗೆ ಮನೆ (8:20)
ನಮ್ಮ ಮನೆಯ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಅಂಗಳದ ಟೈಲ್ಸ್ ಒಡೆಯಲು ಅವರು ಒಪ್ಪುವುದು ಕಷ್ಟ. ಪ್ಲಂಬರಿನ ಖರ್ಚನ್ನು ಯಾರು ಕೊಡಬೇಕು? ನಮ್ಮಂಥ ಮನೆಗಳು ಈ ಸಾಲಿನಲ್ಲಿ ಬಹಳಷ್ಟಿವೆ.

ಎರಡನೇ ಅಡ್ಡರಸ್ತೆ, ನಿವೃತ್ತ ಇಂಜಿನಿಯರ್ (8:33)
ಬಹಳಷ್ಟು ಕಡೆ ಟೈಲ್ಸ್ ಒಡೆಯಬೇಕಾಗಿಲ್ಲ. ತಾರಸಿಯ ಕೊಳವೆ ನೆಲದೊಳಗೆ ಇಳಿಯುವ ಮೊದಲೇ ಅದನ್ನು ಕತ್ತರಿಸಿ, ಒಂದು ಬೆಂಡ್ ಹಾಕಿ, ಗೋಡೆಗುಂಟ ಗೇಟಿನವರೆಗೆ ಪಿವಿಸಿ ಕೊಳವೆಯನ್ನು ಎಳೆದರಾಯಿತು. ನೆಲದ ಕಡೆಯ ಬಾಯಿಗೆ ಮುಚ್ಚಳ ಅಂಟಿಸಬೇಕು. ಜಾಗವಿರುವವರು ಮೂರು ಅಡಿ ವ್ಯಾಸ, ಹತ್ತು ಅಡಿ ಆಳದ ದುಂಡನೆಯ ಇಂಗುಗುಂಡಿ ತೆಗೆಸಿದರೆ ಸುಮಾರು 2,000 ಲೀಟರ್ ಹಿಡಿಯುತ್ತದೆ, ಪಕ್ಕದ ಬೋರ್‌ವೆಲ್ಲಿಗೂ ಒಳ್ಳೆಯದು. ಗೋಡೆಯ ಅಡಿಪಾಯಕ್ಕೆ ಹತ್ತಿರ ಮಾತ್ರ ತೋಡಬೇಡಿ. ಮೂಲೆಮನೆಯವರಿಗೆ, ಕೊಳಚೆ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿಕೊಡಬಹುದು. ಆದರೆ ಅದು ಮುಚ್ಚಿಕೊಂಡಿರುವಷ್ಟು ಹೊತ್ತು ಅವರ ಮನೆಯ ನೀರೂ ಹೊರಹೋಗುವುದಿಲ್ಲ. ತೊಂದರೆ ಕೊಡುತ್ತಿರುವವರು ನಾವಾಗಿರುವಾಗ ಕಟ್ಟಿಕೊಂಡು ಕೂರಬೇಕಾದವರು ಅವರಾಗುವುದು ನ್ಯಾಯವಲ್ಲ.

ಕೆಳಗಿನ ರಸ್ತೆ, ಮೂಲೆಮನೆ (9:15)
ತುಂಬ ಉಪಕಾರವಾಯಿತು ಸರ್. ಯಾರ ತಪ್ಪು ಎಂಬುದು ನನಗೆ ಬೇಕಾಗಿಲ್ಲ. ಅತ್ತೆಯವರ ಮಂಚದ ಕಾಲುಗಳಿಗೆ ಅಂಟಿದ ಕಪ್ಪು ಗೆರೆಯನ್ನು ಉಜ್ಜುತ್ತಾ ಬರೆಯುತ್ತಿದ್ದೇನೆ, ಫಿನಾಯಿಲ್ ಹಾಕಿದರೂ ವಾಸನೆ ಹೋಗುತ್ತಿಲ್ಲ. ಭಾನುವಾರಕ್ಕೆ ಎಷ್ಟು ಮನೆಯವರು ಒಪ್ಪುತ್ತೀರಿ? ದಯವಿಟ್ಟು ಮನೆ ಸಂಖ್ಯೆಯೊಂದಿಗೆ ಬರೆಯಿರಿ.

ಮೂರನೇ ಅಡ್ಡರಸ್ತೆ, ಮೇಷ್ಟ್ರು (9:18)
ನಮ್ಮ ಮನೆ ಸೇರಿಸಿಕೊಳ್ಳಿ.

ಅಪಾರ್ಟ್‌ಮೆಂಟ್, ಎರಡನೇ ಮಹಡಿ (9:21)
ನಮ್ಮ ಕಟ್ಟಡವನ್ನೂ ಸೇರಿಸಿ.

ಪಾರ್ಕ್ ಎದುರಿನ ಮನೆ (9:40)
ನಾವೂ ಸಿದ್ಧ. ಇದರ ಜೊತೆಗೆ ಇನ್ನೊಂದು ವಿಷಯ ಹೇಳಬೇಕು: ಪಾರ್ಕಿನ ಸುತ್ತ ಬೀದಿದೀಪಗಳು ಉರಿಯುತ್ತಿಲ್ಲ. ರಾತ್ರಿ ಅಷ್ಟು ಕತ್ತಲಿದ್ದುದರಿಂದಲೇ ಮ್ಯಾನ್‌ಹೋಲ್ ತೆರೆದುಕೊಂಡದ್ದು ಯಾರಿಗೂ ಕಾಣಲಿಲ್ಲ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಓಡಿಕೊಂಡೇ ಮನೆ ಸೇರುತ್ತಾರೆ.

ಒಂದನೇ ಅಡ್ಡರಸ್ತೆ, ಬಾಡಿಗೆ ಮನೆ (9:44)
ಹೌದು, ನಮ್ಮ ರಸ್ತೆಯಲ್ಲೂ ಎರಡು ಕಂಬಗಳು ಕತ್ತಲಾಗಿವೆ. ಇದಕ್ಕಾದರೆ ಮಾಲೀಕರನ್ನು ಕೇಳುವ ಅಗತ್ಯವಿಲ್ಲ, ನಾವೇ ಸಹಿ ಹಾಕಬಹುದು.

ಮೇಲಿನ ರಸ್ತೆ, ನಿವೃತ್ತ ಅಧಿಕಾರಿ (9:52)
ಬೀದಿದೀಪದ ಅರ್ಜಿಯನ್ನು ನಾನು ಸಿದ್ಧಪಡಿಸುತ್ತೇನೆ. 2023ರ ನವೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಒಬ್ಬೊಬ್ಬರೇ ಹೋಗಿ ಕೇಳಿದರೆ ಕೆಲಸವಾಗುವುದಿಲ್ಲ, ಎಲ್ಲರೂ ಒಟ್ಟಾಗಿ ಬರಹದಲ್ಲಿ ಕೊಡಬೇಕು. ಉರಿಯದ ಕಂಬಗಳ ಸಂಖ್ಯೆಯನ್ನು ಪ್ರತಿ ರಸ್ತೆಯವರೂ ಇವತ್ತು ಸಂಜೆಯೊಳಗೆ ಕಳುಹಿಸಿ. ಭಾನುವಾರ ಹತ್ತು ಗಂಟೆಗೆ ಪಾರ್ಕಿನಲ್ಲಿ ಸೇರಿ ಸಹಿ ಸಂಗ್ರಹಿಸೋಣ.

ನಾಲ್ಕನೇ ಅಡ್ಡರಸ್ತೆ, ಅಂಗಡಿಯವರು (9:55)
ಒಳ್ಳೆಯ ಕೆಲಸ ಸಾರ್. ಅಂಗಡಿಯಲ್ಲಿಯೂ ಒಂದು ಪ್ರತಿ ಇಡುತ್ತೇನೆ, ಬಂದವರಿಂದೆಲ್ಲ ಸಹಿ ಹಾಕಿಸುತ್ತೇನೆ.

ಎರಡನೇ ಅಡ್ಡರಸ್ತೆ, ನಿವೃತ್ತ ಇಂಜಿನಿಯರ್ (10:30)
ದೀಪದ ಅರ್ಜಿಗೆ ನನ್ನ ಸಹಿಯೂ ಇರುತ್ತದೆ. ತಾರಸಿ ಕೊಳವೆಯ ಪರೀಕ್ಷೆಗೆ ಇದುವರೆಗೆ ಒಪ್ಪಿರುವುದು ಮೂರು ಕಟ್ಟಡಗಳವರು ಮಾತ್ರ, ಮೇಲಿನ ರಸ್ತೆಯಿಂದ ಯಾರೂ ಇಲ್ಲ. ಅವರಿಲ್ಲದೆ ಈ ಪರೀಕ್ಷೆಯಿಂದ ಪ್ರಯೋಜನವಾಗದು, ಏಕೆಂದರೆ ನೀರು ಇಳಿದು ಬರುವುದು ಅಲ್ಲಿಂದಲೇ. ದಯವಿಟ್ಟು ಯೋಚಿಸಿ, ಇಂದು ರಾತ್ರಿಯೂ ಮಳೆಯ ಮುನ್ಸೂಚನೆಯಿದೆ.

ಒಂದನೇ ಅಡ್ಡರಸ್ತೆ, ಬಾಡಿಗೆ ಮನೆ (10:41)
ನಮ್ಮ ರಸ್ತೆಯ ಎರಡೂ ಕಂಬಗಳ ಫೋಟೋ ಕಳುಹಿಸಿದ್ದೇನೆ. ಒಂದರಲ್ಲಿ ಸಂಖ್ಯೆ ಅಳಿಸಿಹೋಗಿದೆ, ಅದನ್ನು ಅರ್ಜಿಯಲ್ಲಿ ಹೇಗೆ ಬರೆಯಬೇಕು?