ಸಹಾಯ ಬೇಕು: ನಾಟಕದ ಬೈಗುಳಕ್ಕೆ ಕತ್ತರಿ, ಕಾನೂನು ಗೊತ್ತಿರುವವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಹವ್ಯಾಸಿ ನಾಟಕ ತಂಡ. ಮುಂದಿನ ತಿಂಗಳು ಪ್ರದರ್ಶನ ಇದೆ. ಸಭಾಂಗಣದವರು ಸ್ಕ್ರಿಪ್ಟ್ ತರಿಸಿಕೊಂಡು ವಾಪಸ್ ಕೊಟ್ಟಿದ್ದಾರೆ. ನಲ್ಲಿಕಟ್ಟೆ ಜಗಳದ ದೃಶ್ಯದ ತುಂಬಾ ಕೆಂಪು ಗೆರೆ. "ನಿನ್ನ ಮನೆ ಹಾಳಾಗ" ಅನ್ನೋದಕ್ಕೂ ಗೆರೆ! ಕುಡುಕ ಗಂಡನ ಬಾಯಲ್ಲಿರುವ ಅದಕ್ಕಿಂತ ಕೆಟ್ಟ ಬೈಗುಳ ಮಾತ್ರ ಹಾಗೇ ಉಳಿದಿದೆ. ಹೆಂಗಸರು ಬೈದರೆ ಮಾತ್ರ ಅಶ್ಲೀಲವೋ ಏನೋ. ಯಾರಾದರೂ ಕಂಪ್ಲೇಂಟ್ ಕೊಟ್ಟರೆ ತಮ್ಮ ಮೇಲೂ ಕೇಸ್ ಆಗುತ್ತೆ ಅನ್ನೋದು ಅವರ ಭಯ.

ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ಹಾಡು, ಮಾತಿಗೆ ಮೊದಲು ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) ಸೆಕ್ಷನ್ 294 ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 296. ಅದರಿಂದ ಬೇರೆಯವರಿಗೆ ಕಿರಿಕಿರಿ ಆಗಿರಬೇಕು ಅಂತಲೂ ಅದರಲ್ಲಿದೆ. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 1868ರ ಇಂಗ್ಲೆಂಡಿನ ಹಿಕ್ಲಿನ್ ಅಳತೆಗೋಲನ್ನು (ಸುಲಭವಾಗಿ ಕೆಡುವ ಮನಸ್ಸಿನವರನ್ನು ಇದು ಕೆಡಿಸುತ್ತಾ ಅಂತ ನೋಡೋದು) ಕೈಬಿಟ್ಟು, ಇಂದಿನ ಸಮಾಜದ ಕಣ್ಣಿಂದ ನೋಡಬೇಕು ಅಂದಿತು. 2024ರಲ್ಲಿ ಒಂದು ವೆಬ್ ಸರಣಿಯ ಕೇಸಲ್ಲಿ, ಒರಟು ಬೈಗುಳ ಇದ್ದ ಮಾತ್ರಕ್ಕೆ ಅಶ್ಲೀಲ ಆಗಲ್ಲ ಅಂತಲೂ ಹೇಳಿತು. ಆದರೆ ಅದು ಆನ್‌ಲೈನ್ ಅಶ್ಲೀಲತೆಗೆ ಅನ್ವಯಿಸುವ ಐಟಿ ಕಾಯ್ದೆಯ 67ನೇ ಸೆಕ್ಷನ್ ಮೇಲಿನ ತೀರ್ಪು. ನಾಟಕಕ್ಕೆ ಆ ಮಾತು ನಿಲ್ಲುತ್ತಾ?

ವಕೀಲರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಸಭಾಂಗಣದವರಿಗೆ ಕೊಡೋಕೆ ಒಂದು ಪುಟದ ಪತ್ರ ಬರೆಯಲು ನೆರವಾದರೆ ಇನ್ನೂ ಒಳ್ಳೆಯದು. ರಂಗಭೂಮಿಯವರೇ, ನೀವು ಇಂಥದ್ದನ್ನು ಹೇಗೆ ನಿಭಾಯಿಸಿದಿರಿ? "ವಯಸ್ಕರಿಗೆ ಮಾತ್ರ" ಅಂತ ಬೋರ್ಡ್ ಹಾಕಿದರೆ ಸಾಕಾ? ಸುಮ್ನೆ ಜಗಳ ನಮಗೂ ಬೇಡ, ನಮ್ಮ ಬಜೆಟ್‌ಗೆ ಸಿಗೋದು ಅದೊಂದೇ ಹಾಲ್. ಗುರುವಾರದೊಳಗೆ ಅವರಿಗೆ ಉತ್ತರ ಕೊಡಬೇಕು.