ಆಫೀಸಿಗೆ ಸೋಲಾರ್ ಹಾಕಿಸಿದ್ರೆ ಡೀಸೆಲ್ ಜನರೇಟರ್ ತೆಗೆದುಬಿಡಬಹುದಾ?

ಲಿಲಾಂಗ್ವೆ_ಕನ್ನಡತಿ:
ಎಲ್ರಿಗೂ ನಮಸ್ಕಾರ. ಮಲಾವಿಯ ಲಿಲಾಂಗ್ವೆನಲ್ಲಿ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಆಫೀಸಲ್ಲಿ ಅಡ್ಮಿನ್ ಕೆಲ್ಸ ನೋಡ್ಕೋತೀನಿ, ಸುಮಾರು 60 ಜನ ಇದೀವಿ. ಇಲ್ಲಿ ಕರೆಂಟ್ ನಂಬೋ ಹಾಗಿಲ್ಲ, 2022ರ ಜನವರಿಲಿ ಆನಾ ಚಂಡಮಾರುತಕ್ಕೆ ಕಪಿಚಿರಾ ಜಲವಿದ್ಯುತ್ ಸ್ಥಾವರ ಹಾಳಾದ್ಮೇಲಂತೂ ಜನರೇಟರ್ ಮೇಲೇ ಆಫೀಸ್ ನಡೀತಿತ್ತು. ಈಗ ಹೆಡ್ಡಾಫೀಸಿಂದ ಗ್ರೀನ್ ಪ್ಲಾನ್ ಕಳ್ಸಿ ಅಂತಿದಾರೆ, ವೆಂಡರ್ ಒಬ್ರು ಚಾವಣಿ ತುಂಬಾ ಪ್ಯಾನೆಲ್ ಹಾಕ್ಸಿ ಜನರೇಟರ್ ಮಾರ್ಬಿಡಿ ಅಂತಾರೆ. ಹೊಗೆ ಪಕ್ಕದ ಮನೆಗಳಿಗೆ ಹೋಗತ್ತೆ, ಅದು ನಿಲ್ಲಲೇಬೇಕು ಅಂತ ನಂಗೂ ಇದೆ, ಆದ್ರೆ ಕರೆಂಟ್ ಹೋದಾಗ ಕೆಲ್ಸ ನಿಂತ್ರೆ ಏನ್ಮಾಡೋದು?

ಹುಬ್ಬಳ್ಳಿ_ಸೋಲಾರ್:
ಅಕ್ಕಾ, ಮೊದ್ಲು ಆ ವೆಂಡರ್ ಹತ್ರ ಒಂದೇ ಪ್ರಶ್ನೆ ಕೇಳ್ರಿ, ಗ್ರಿಡ್ ಹೋದಾಗ ಇನ್ವರ್ಟರ್ ಏನ್ ಮಾಡ್ತೈತಿ ಅಂತ. ಬರೀ ಗ್ರಿಡ್‌ಗೆ ಕಟ್ಟಿದ ಸಿಸ್ಟಮ್ ಇದ್ರ ಕರೆಂಟ್ ಹೋದ ಕೂಡ್ಲೇ ಅದೂ ಆಫ್ ಆಗ್ತೈತಿ, ಬಿಸ್ಲು ಎಷ್ಟೇ ಇರ್ಲಿ, ಯಾಕಂದ್ರ ಲೈನ್ ರಿಪೇರಿ ಮಾಡೋ ಮಂದಿಗೆ ಶಾಕ್ ಹೊಡೀಬಾರ್ದಲ್ಲ. ನಿಮಗ ಹೈಬ್ರಿಡ್ ಇನ್ವರ್ಟರ್, ಅಂದ್ರ ಗ್ರಿಡ್, ಪ್ಯಾನೆಲ್, ಬ್ಯಾಟರಿ ಮೂರನ್ನೂ ಸಂಭಾಳಿಸೋದು, ಅದರ ಜೊತಿ ಲಿಥಿಯಂ ಬ್ಯಾಟರಿ ಬೇಕು. ಅದಕ್ಕೂ ಮುಂಚೆ ಆಫೀಸಿನ ಮೇನ್ ಸ್ವಿಚ್ ಬೋರ್ಡ್‌ಗೆ ಒಂದು ಲಾಗರ್ (ಕರೆಂಟ್ ಬಳಕೆ ಬರ್ದಿಡೋ ಮೀಟರ್) ಹಾಕಿ ಎರಡ್ಮೂರು ವಾರ ಲೋಡ್, ಅಂದ್ರ ಎಷ್ಟು ಕರೆಂಟ್ ಎಳೀತೈತಿ ಅಂತ ಅಳೀರಿ. ಬಹಳ ಆಫೀಸ್ನಾಗ ಜನರೇಟರ್ ಬೇಕಾದ್ದಕ್ಕಿಂತ ದೊಡ್ಡದಿರ್ತೈತಿ, ಕಾಲು ಭಾಗ ಲೋಡ್‌ನಾಗ ಓಡಿದ್ರ ಡೀಸೆಲ್ ಪೂರ್ತಿ ಸುಡಂಗಿಲ್ಲ, ಮಸಿ ಕಟ್ತೈತಿ, ಹೊಗಿ ಜಾಸ್ತಿ. ಒಂದು ಲೀಟರ್ ಡೀಸೆಲ್ ಸುಟ್ರ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್, ನಿಮ್ಮ ಬಿಲ್ ಹಿಡ್ಕೊಂಡು ಗುಣಿಸ್ರಿ, ಹೆಡ್ಡಾಫೀಸಿಗೆ ಕಳ್ಸಾಕ ಅದೇ ಮೊದಲ್ನೇ ಲೆಕ್ಕ.

ನೈರೋಬಿ_ನಿವಾಸಿ:
ಮೇಲಿನವ್ರು ಹೇಳಿದ್ದು ಸರಿ. ನನ್ನದೊಂದು ಮಾತು, ಪ್ಯಾನೆಲ್‌ಗಿಂತ ಮುಂಚೆ ಲೋಡ್ ಇಳಿಸಿ. ಇಲ್ಲಿ ನೈರೋಬಿಯ ಗಿಗಿರಿಲಿ ವಿಶ್ವಸಂಸ್ಥೆ 2011ರಲ್ಲಿ ಶುರು ಮಾಡಿದ ಕಟ್ಟಡ ಇದೆ, 1200 ಜನ ಕೂರೋಷ್ಟು ದೊಡ್ಡದು, ಚಾವಣಿ ಮೇಲೆ 6000 ಚದರ ಮೀಟರ್ ಪ್ಯಾನೆಲ್, ಎಲ್ರೂ ಪ್ಯಾನೆಲ್ ಫೋಟೋನೇ ತೆಗೀತಾರೆ ಆದ್ರೆ ಅಸಲಿ ಕೆಲ್ಸ ಆಗಿರೋದು ಒಳಗೆ, ನಡುವಿನ ಅಂಗಳದಿಂದ ಬೆಳಕು ಬರತ್ತೆ, ಬಿಸಿಗಾಳಿ ಮೇಲೆ ಹೋಗತ್ತೆ, ಅದಕ್ಕೇ ಬೇಕಾಗೋ ಕರೆಂಟೇ ಕಮ್ಮಿ. ಲಿಲಾಂಗ್ವೆನೂ ಸಾವಿರ ಮೀಟರ್ ಎತ್ತರದಲ್ಲಿದೆ, ಜೂನ್ ಜುಲೈಲಿ ಏಸಿ ಯಾಕ್ರಿ ಬೇಕು? ಕಿಟಕಿಗೆ ನೆರಳು ಮಾಡ್ಸಿ, ಡೆಸ್ಕ್‌ಟಾಪ್ ಬದ್ಲು ಲ್ಯಾಪ್‌ಟಾಪ್ ಕೊಡ್ಸಿ, ಸರ್ವರ್ ಕೋಣೆಗೊಂದಕ್ಕೆ ಬೇರೆ ಲೈನ್ ಎಳೆಸಿ. ಆಮೇಲೆ ಬ್ಯಾಟರಿ ಸೈಜ್ ನೋಡಿ, ದುಡ್ಡು ಎಷ್ಟು ಉಳಿಯತ್ತೆ ಅಂತ ಗೊತ್ತಾಗತ್ತೆ.

ಕಡಲತೀರ:
ಬ್ಯಾಟರಿ ಎಲ್ಲಿಡ್ತೀರಿ ಅನ್ನೋದನ್ನೂ ಬರೀರಿ ಪ್ಲಾನ್‌ನಲ್ಲಿ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ವಿಶ್ವಸಂಸ್ಥೆ ಮುಖ್ಯ ಕಚೇರಿಯ ಬೇಸ್‌ಮೆಂಟಿಗೇ ನೀರು ನುಗ್ಗಿ ಕೂಲಿಂಗ್ ಯಂತ್ರಗಳು ಹಾಳಾದ್ವು. ಇನ್ನೊಂದು, ಇಂಥ ಸಂಸ್ಥೆಗಳ ಇಂಗಾಲದ ಲೆಕ್ಕದಲ್ಲಿ ವಿಮಾನ ಪ್ರಯಾಣದ ಪಾಲು ತುಂಬಾ ದೊಡ್ಡದು, ಆಫೀಸ್ ಹಸಿರು ಮಾಡಿ ಒಂದೇ ದಿನದ ಮೀಟಿಂಗಿಗೆ ಜಿನೀವಾಕ್ಕೆ ಹಾರೋದು ಬಿಡಲ್ಲ ಅಂದ್ರೆ ಹೆಡ್ಡಾಫೀಸನ್ನೂ ಕೇಳಲೇಬೇಕು.

ಲಿಲಾಂಗ್ವೆ_ಕನ್ನಡತಿ:
ತುಂಬಾ ಥ್ಯಾಂಕ್ಸ್. ಸೋಮವಾರ ಎಲೆಕ್ಟ್ರಿಷಿಯನ್ ಕರ್ಸಿ ಲಾಗರ್ ಹಾಕಿಸ್ತೀನಿ. ಜನರೇಟರ್ ಈಗ್ಲೇ ಮಾರಲ್ಲ ಅಂತಾಯ್ತು ಹಾಗಾದ್ರೆ?

ಹುಬ್ಬಳ್ಳಿ_ಸೋಲಾರ್:
ಬ್ಯಾಡ್ರಿ. ಒಂದು ಮಳೆಗಾಲ ಪೂರ್ತಿ ನೋಡ್ರಿ, ಮೋಡ ಕವಿದ ವಾರದಾಗ ಬ್ಯಾಟರಿ ಎಷ್ಟು ತಡೀತೈತಿ ಅಂತ ಗೊತ್ತಾದ್ಮ್ಯಾಲ ಸಣ್ಣ ಜನರೇಟರ್‌ಗೆ ಬದಲಾಯಿಸ್ರಿ.